ರೊಟ್ಟಿ ಉಬ್ಬಿದ ಸುದ್ದಿ

ದೊಡ್ಡ ಸಂತೋಷಗಳಿಗೆ ಈ ಲೋಕದಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಮಗು ಹುಟ್ಟಿದರೆ, ಮದುವೆ ಗೊತ್ತಾದರೆ, ನೌಕರಿ ಕಾಯಂ ಆದರೆ ಏನು ಮಾಡಬೇಕೆಂದು ನಮ್ಮ ಸೊಲ್ಲಾಪುರದಲ್ಲಿ ಎಲ್ಲರಿಗೂ ಗೊತ್ತು. ಪೇಢೆಯ ಡಬ್ಬಿ ತರಬೇಕು, ಓಣಿಯಲ್ಲೂ ಆಫೀಸಿನಲ್ಲೂ ಹಂಚಬೇಕು. ತಿನ್ನುವವರು ಪೇಢೆಯನ್ನು ಮೊದಲು ಬಾಯಿಗೆ ಹಾಕಿಕೊಂಡು ಆಮೇಲೆ 'ಏನ್ ಸುದ್ದಿ?' ಎಂದು ಕೇಳಬೇಕು. ಪೇಢೆ ಇಲ್ಲದೆ ಹೇಳಿದ ಸಂತೋಷದ ಸುದ್ದಿಯನ್ನು ನಮ್ಮಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ. ತೊಂದರೆ ಇರುವುದು ಸಣ್ಣ ಸಂತೋಷಗಳದು. ತಿಂಗಳುಗಟ್ಟಲೆ ಸೋರುತ್ತಿದ್ದ ನಲ್ಲಿಯನ್ನು ನೀವೇ ರಿಪೇರಿ ಮಾಡಿದಿರಿ ಅನ್ನಿ. ಅದನ್ನು ಯಾರಿಗೆ ಹೇಳುತ್ತೀರಿ? ಪೇಢೆ ತಂದರೆ 'ಇಷ್ಟಕ್ಕೇ?' ಎಂದು ನಗುತ್ತಾರೆ, ತರದಿದ್ದರೆ 'ಪೇಢೆ ಎಲ್ಲಿ?' ಎಂದು ಬಾಯಿ ಮುಚ್ಚಿಸುತ್ತಾರೆ. ಹೀಗಾಗಿ ನಮ್ಮ ಊರಿನ ಎಷ್ಟೋ ಗಂಡಸರು ತಮ್ಮ ಸಣ್ಣಪುಟ್ಟ ಪರಾಕ್ರಮಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತಾರೆ ಎಂಬುದು ನನ್ನ ಗುಮಾನಿ.

ನನ್ನ ಪರಾಕ್ರಮ ಜೋಳದ ರೊಟ್ಟಿಯದು. ನಾನು ಆಗ ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಹೆಂಡತಿ ಶಶಿಕಲಾ ಕನ್ನಡ ಸಾಲಿಯ ಶಿಕ್ಷಕಿ. ಮಗಳು ಪುಣೆಯ ಹಾಸ್ಟೆಲ್ ಸೇರಿದ ವರ್ಷವೇ ಇವಳಿಗೆ ಅಕ್ಕಲಕೋಟೆಗೆ ಬದಲಿಯಾಯಿತು. ವಾರವೆಲ್ಲ ಅಲ್ಲಿ ತನ್ನ ಅಕ್ಕನ ಮನೆಯಲ್ಲಿರುವುದು, ಶನಿವಾರ ಸಂಜೆ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬರುವುದು, ಸೋಮವಾರ ಬೆಳಗಿನ ಬಸ್ಸಿಗೆ ಹಿಂದಿರುಗುವುದು ಎಂದು ನಮ್ಮ ಸಂಸಾರ ಸಾಗಿತ್ತು. ಹೋಗುವ ಮುಂಚೆ ಅವಳು ನನಗೆ ವಾರಕ್ಕಾಗುವಷ್ಟು ರೊಟ್ಟಿ ಬಡಿದು, ಕಟಕಟ ಅನ್ನುವಂತೆ ಒಣಗಿಸಿ, ಬುಟ್ಟಿಯಲ್ಲಿ ಮುಚ್ಚಿಟ್ಟು ಹೋಗುತ್ತಿದ್ದಳು. ಸೋಮವಾರ ಅವು ರೊಟ್ಟಿಯಾಗಿರುತ್ತಿದ್ದವು. ಶುಕ್ರವಾರದ ಹೊತ್ತಿಗೆ ಮನೆಯ ಮೇಲೆ ಹೊದಿಸಬಹುದಿತ್ತು.

ಒಂದು ಭಾನುವಾರ ನಾನು ಇದನ್ನು ಬಾಯಿಬಿಟ್ಟು ಅಂದೇಬಿಟ್ಟೆ. ಶಶಿಕಲಾ ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದಳು.

"ಹಂಗಾರ ದಿನಾ ಬಿಸಿ ಬಿಸಿ ನೀವ ಮಾಡ್ಕೊಂಡ ತಿನ್ರಿ," ಅಂದಳು.

"ಮಾಡ್ಕೋತೀನಿ. ಹಿಟ್ಟು, ನೀರು, ಎರಡು ಕೈ. ಅದರಾಗೇನ್ ಐತಿ ದೊಡ್ಡದು?"

"ಏನೂ ಇಲ್ಲ ಬಿಡ್ರಿ. ಒಂದು ದಿನ ನಾ ಕುಂತು ಉಣ್ಣೂವಂಥಾ ರೊಟ್ಟಿ ಮಾಡಿ ಹಾಕ್ರಿ, ನೋಡೂಣಂತ."

ಅಷ್ಟೇ ಮಾತು. ಅವಳು ನಗುನಗುತ್ತಲೇ ಹೇಳಿದ್ದು. ಆದರೆ ಆ ನಗು ನನಗೆ ನಾಟಿತು. ನಾನು ಕರಜಗಿಯಲ್ಲಿ ಹುಟ್ಟಿ ಬೆಳೆದವನು. ನನ್ನವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಾನು ದಿನಾ ಏಳುತ್ತಿದ್ದೆ. ನಮ್ಮ ಮನೆಯಲ್ಲಿ ನೀರು ಕುಡಿದದ್ದಕ್ಕಿಂತ ಜೋಳ ತಿಂದದ್ದು ಹೆಚ್ಚು. ಇಂಥವನಿಗೆ ರೊಟ್ಟಿ ಬರುವುದಿಲ್ಲವೆಂದರೆ ಏನು? ಶಶಿಕಲಾ ಕುಳಿತು ಉಣ್ಣುವಂಥ ರೊಟ್ಟಿಯನ್ನು ಮಾಡಿಯೇ ತೀರಬೇಕೆಂದು ಅವತ್ತೇ ಹಟ ತೊಟ್ಟೆ.

ಹಟಕ್ಕೆ ರೊಟ್ಟಿ ಹೆದರುವುದಿಲ್ಲ. ಸಪ್ಪಳ ಕೇಳಿ ಬೆಳೆದವನಿಗೆ ಸಪ್ಪಳವಷ್ಟೇ ಬರುತ್ತದೆ ಎಂಬುದು ಮೊದಲ ಬೆಳಗ್ಗೆಯೇ ತಿಳಿಯಿತು. ಪರಾತದಲ್ಲಿ ಹಿಟ್ಟು ನಾದಿ, ಮುದ್ದೆ ಕಟ್ಟಿ, ಅವ್ವನ ಹಾಗೆಯೇ ತಪತಪ ಬಡಿದೆ. ಕೆಳಗಿನ ಮನೆಯ ಕಾಕೂ ಮೇಲೆ ಬಂದು, ಬೆಳಬೆಳಗ್ಗೆ ಗೋಡೆಗೆ ಮೊಳೆ ಯಾಕೆ ಹೊಡೆಯುತ್ತಿದ್ದೀರಿ ಎಂದು ಮರಾಠಿಯಲ್ಲಿ ವಿಚಾರಿಸಿದರು. ಬಡಿದಷ್ಟೂ ಅಂಚು ಸೀಳುತ್ತ ಹೋಯಿತು. ಎತ್ತಲು ಹೋದರೆ ಅರ್ಧ ಕೈಗೆ ಬಂತು, ಅರ್ಧ ಪರಾತದಲ್ಲೇ ಉಳಿಯಿತು. ಕೈಗೆ ಬಂದದ್ದನ್ನು ತವೆಯ ಮೇಲೆ ಹಾಕುವಾಗ ಬೆರಳು ಸುಟ್ಟಿತು. ಆ ವಾರವೆಲ್ಲ ನಾನು ಬಗೆಬಗೆಯ ದೇಶಗಳ ನಕಾಶೆಗಳನ್ನು ಶೇಂಗಾ ಚಟ್ನಿಗೆ ಹಚ್ಚಿಕೊಂಡು ತಿಂದೆ. ಬಿಡಲಿಲ್ಲ. ಗಿರಣಿಯಲ್ಲಿ ಕೇಳಿದೆ, ಹಿಟ್ಟು ಹಳತಾದರೆ ಅಂಟಿನ ಜಿಗಿ ಹೋಗುತ್ತದೆ ಅಂದರು. ಮಾಲದಂಡಿ ಜೋಳ ತಂದು ಸ್ವಲ್ಪ ಸ್ವಲ್ಪವೇ ಬೀಸಿಸಿದೆ. ತಣ್ಣೀರು ಬಿಟ್ಟು ಬಿಸಿನೀರು ಹಾಕಿ ನಾದಿದೆ. ಶನಿವಾರ ಬರುವ ಶಶಿಕಲಾಗೆ ಕಾಣದಂತೆ ಬೆರಳುಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಹೀಗಿರುವಾಗ ಒಂದು ಮುಂಜಾನೆ ಒಂದು ರೊಟ್ಟಿ ಎಲ್ಲೂ ಹರಿಯದೆ, ಇಡಿಯಾಗಿ, ಪರಾತದಿಂದ ನನ್ನ ಅಂಗೈ ಮೇಲೆ ಬಂದು ಕುಳಿತಿತು. ಅದು ಉಬ್ಬಲಿಲ್ಲ, ದುಂಡಗೂ ಇರಲಿಲ್ಲ, ಆದರೆ ಇಡಿಯಾಗಿತ್ತು! ನನಗಾದ ಆನಂದವನ್ನು ಏನೆಂದು ಹೇಳಲಿ? ಕಾರ್ಖಾನೆಯ ಬಸ್ಸಿನಲ್ಲಿ ತಡೆಯಲಾರದೆ ಪಕ್ಕದ ಸೀಟಿನ ಮಾನೆಗೆ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, "ಮಗ್ ಪೇಢೆ?" ಎಂದ, ಹಾಗಾದರೆ ಪೇಢೆ ಎಲ್ಲಿ ಅನ್ನುವ ಹಾಗೆ. ಬಸ್ಸಿನಲ್ಲಿದ್ದವರೆಲ್ಲ ಒಂದೇ ಸಮನೆ ನಕ್ಕರು. ಮಧ್ಯಾಹ್ನದ ಹೊತ್ತಿಗೆ ನನಗೆ ಕ್ಯಾಂಟೀನಿನಲ್ಲಿ 'ಭಾಕರಿವಾಲೆ', ಅಂದರೆ ರೊಟ್ಟಿಯವರು, ಎಂದು ಹೆಸರು ಬಿದ್ದಿತ್ತು. ಇನ್ನು ಇವರಿಗೆ ಹೇಳುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ. ಆದರೆ ಯಾರಿಗಾದರೂ ಹೇಳಲೇಬೇಕಾಗಿತ್ತು. ಶಶಿಕಲಾಗೆ ಹೇಳುವ ಹಾಗಿಲ್ಲ, ಅವಳಿಗೆ ರೊಟ್ಟಿಯೇ ಹೇಳಬೇಕು.

ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಒಂದು ಚಾದರಿನ ಅಂಗಡಿ. ಅದರ ಮೇಲಿನ ಮಾಳಿಗೆಯಲ್ಲಿ ಆ ವರ್ಷವಷ್ಟೇ ಸೈಬರ್ ಕೆಫೆ ಶುರುವಾಗಿತ್ತು. ಇಡೀ ಶತಮಾನವೇ ಮುಗಿಯುತ್ತ ಬಂದಿದ್ದ ಕಾಲ ಅದು. ಕೆಫೆಯ ಮಾಲೀಕ ಭೋಸಲೆ ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದವರು. ಆ ಅಭ್ಯಾಸಕ್ಕೆ, ಕಂಪ್ಯೂಟರ್ ಮುಂದೆ ಕುಳಿತವರಿಗೂ 'ಲೈನ್ ಲಾಗಲೀ ಕಾ?' ಎಂದು ಕೇಳುತ್ತಿದ್ದರು. ಲೈನ್ ಸಿಕ್ಕಿತೋ ಇಲ್ಲವೋ ಎಂಬುದು ಮೋಡೆಮ್ಮಿನ ಕಿರುಚಾಟದಿಂದ ಇಡೀ ಓಣಿಗೇ ಗೊತ್ತಾಗುತ್ತಿತ್ತು. ಅಲ್ಲಿ ನನಗೆ ಒಂದು ಕನ್ನಡ ಚಾಟ್ ರೂಮು ದೊರೆಯಿತು. ಭಾನುವಾರ ಮಧ್ಯಾಹ್ನ ಒಂದಿಷ್ಟು ಜನ ಅಲ್ಲಿ ಸೇರಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುತ್ತ ಹರಟುತ್ತಿದ್ದರು. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಶಾರದಾಬಾಯಿ ಒಬ್ಬರು. ಹುಬ್ಬಳ್ಳಿಯ ನಿವೃತ್ತ ಸ್ಟೇಷನ್ ಮಾಸ್ತರರು ಇನ್ನೊಬ್ಬರು. ಇವರನ್ನು ನಾನು ಕಣ್ಣಿನಿಂದ ಕಂಡವನಲ್ಲ. ಆದರೂ ಅವತ್ತು ಯಾವ ಪೀಠಿಕೆಯೂ ಇಲ್ಲದೆ 'ಈ ವಾರ ನನ್ನ ರೊಟ್ಟಿ ಹರಿಯಲಿಲ್ಲ' ಎಂದು ಬರೆದುಬಿಟ್ಟೆ.

ಯಾರೂ ಪೇಢೆ ಕೇಳಲಿಲ್ಲ. ಮಾಸ್ತರರು ಬಹಳ ಹೊತ್ತು ಅಕ್ಷರ ಹುಡುಕಿ 'ಭಲೇ' ಅಂದರು. ಶಾರದಾಬಾಯಿ 'ಉಬ್ಬಿತೇ?' ಎಂದು ಕೇಳಿದರು. ಅವರದು ಯಾವಾಗಲೂ ಒಂದೇ ಮಾತಿನ ಪ್ರಶ್ನೆ, ಮಾತ್ರೆ ಕೊಟ್ಟು 'ನುಂಗಿದಿರಾ?' ಎಂದು ಕೇಳಿದ ಹಾಗೆ. 'ಇನ್ನೂ ಇಲ್ಲ' ಅಂದೆ. 'ಉಬ್ಬುತ್ತದೆ' ಅಂದರು. ಅಲ್ಲಿಂದ ಅದೇ ರೂಢಿಯಾಯಿತು. ಪ್ರತಿ ಭಾನುವಾರ ತಮ್ಮ ತಮ್ಮ ಸಣ್ಣ ಗೆಲುವುಗಳನ್ನು ಎಲ್ಲರೂ ತಂದು ಅಲ್ಲಿ ಸುರಿಯತೊಡಗಿದರು. ಮಾಸ್ತರರು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದ್ದರು. ಶಾರದಾಬಾಯಿಯ ಡಬ್ಬಿಯಲ್ಲಿ, ಆ ಮರಳುಗಾಡಿನಲ್ಲಿ, ಕೊತ್ತಂಬರಿ ಮೊಳಕೆಯೊಡೆದಿತ್ತು. ನಾವು ಎಲ್ಲದಕ್ಕೂ ಮನಸಾರೆ ಹಿಗ್ಗಿದೆವು. ಹೊರಗಿನವರು ನೋಡಿದರೆ ಹುಚ್ಚರ ಸಂತೆ ಅನ್ನುತ್ತಿದ್ದರು. ನನಗಂತೂ ಅಷ್ಟು ಗೌರವ ಜೀವಮಾನದಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಶಶಿಕಲಾ ವಾರಕ್ಕೊಮ್ಮೆ ಮನೆಯಲ್ಲಿರುವ ಭಾನುವಾರವೇ ನಾನು ಕೆಫೆಗೆ ಓಡುತ್ತಿದ್ದೇನೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಅವಳು ಕೇಳಿದರೆ 'ಸ್ವಲ್ಪ ಕೆಲಸ ಐತಿ' ಅನ್ನುತ್ತಿದ್ದೆ.

ಕೊನೆಗೊಂದು ದಿನ ರೊಟ್ಟಿ ಉಬ್ಬಿತು. ತವೆಯ ಮೇಲೆ ನೀರು ಸವರಿ, ಮಗುಚಿ, ಉರಿಗೆ ಹಿಡಿದೆ ನೋಡಿ, ಎರಡು ಪದರಾಗಿ ಪುಗ್ಗೆಯಂತೆ ಎದ್ದು ನಿಂತಿತು. ಮರುದಿನವೂ ಉಬ್ಬಿತು. ನನಗೆ ಧೈರ್ಯ ಬಂತು. ಆ ಭಾನುವಾರ ಚಾಟ್ ರೂಮಿನಲ್ಲಿ ಘೋಷಿಸಿಬಿಟ್ಟೆ: 'ಬರುವ ವಾರ ಹೆಂಡತಿಗೆ ಬಡಿಸುತ್ತೇನೆ. ಫಲಿತಾಂಶ ಇದೇ ಹೊತ್ತಿಗೆ ತಿಳಿಸುತ್ತೇನೆ.' ಎಲ್ಲರೂ ಕಾಯುತ್ತೇವೆ ಅಂದರು. ಭೋಸಲೆಯವರೂ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿ ಶುಭ ಹಾರೈಸಿದರು.

ಆ ಶನಿವಾರ ಶಶಿಕಲಾ ಬಂದಾಗ ನನ್ನ ತಲೆಯಲ್ಲಿ ಹಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಕೈಕಾಲು ತೊಳೆದು ಬಂದು ನನ್ನ ಮುಂದೆ ಪೇಢೆಯ ಡಬ್ಬಿ ಇಟ್ಟಳು. ಅಕ್ಕಲಕೋಟೆಯಿಂದ ಬರುವವರ ಚೀಲದಲ್ಲಿ ಪೇಢೆ ಇರುವುದು ಏನು ವಿಶೇಷ? ಊರಿಗೆ ಊರೇ ಅಲ್ಲಿಯ ಸ್ವಾಮಿಗಳ ದರ್ಶನಕ್ಕೆ ಹೋಗಿ ಬರುವಾಗ ಪ್ರಸಾದದ ಪೇಢೆ ತರುತ್ತದೆ. ನಾನು ಭಕ್ತಿಯಿಂದ ಒಂದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ರುಚಿಯಾಗಿತ್ತು, ಇನ್ನೊಂದನ್ನೂ ಹಾಕಿಕೊಂಡೆ. ಶಶಿಕಲಾ ಎದುರಿಗೇ ನಿಂತು ನನ್ನ ಮುಖ ನೋಡುತ್ತಿದ್ದಳು. "ನಾಳೆ ನೀ ಅಡಿಗಿಮನಿಗೆ ಬರಬ್ಯಾಡ. ರೊಟ್ಟಿ ನಂದು," ಅಂದೆ. ಅವಳು ಏನೋ ಹೇಳಲು ಬಾಯಿ ತೆರೆದವಳು, "ಆತು," ಎಂದು ಡಬ್ಬಿ ಮುಚ್ಚಿದಳು.

ಭಾನುವಾರ ಮಧ್ಯಾಹ್ನ ಅವಳನ್ನು ತಟ್ಟೆಯ ಮುಂದೆ ಕೂರಿಸಿದೆ. ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೊದಲ ರೊಟ್ಟಿ ಬಡಿದೆ, ಹಾಕಿದೆ, ಮಗುಚಿದೆ, ಉರಿಗೆ ಹಿಡಿದೆ. ಉಬ್ಬಿತು! ನನ್ನ ಎದೆ ಅದಕ್ಕಿಂತ ಹೆಚ್ಚು ಉಬ್ಬಿತು. ತಟ್ಟೆಗೆ ಹಾಕಿ, ತವೆಗೆ ಇನ್ನೊಂದನ್ನು ಹಾಕಿ, ಅವಳ ಬಾಯನ್ನೇ ನೋಡುತ್ತ ನಿಂತೆ. ಒಂದು ತುತ್ತು ಮುರಿದಳು. ಅಗಿದಳು. ಮತ್ತೊಂದು ತುತ್ತು. ನನ್ನವ್ವನ ಕೈಯ ರೊಟ್ಟಿಯನ್ನು ನಾವು ಯಾರೂ ಹೊಗಳಿದ್ದು ನೆನಪಿಲ್ಲ. ನಮ್ಮ ಕಡೆ ಊಟದ ಹೊಗಳಿಕೆಗೆ ಇರುವುದು ಒಂದೇ ಮಾತು. ರೊಟ್ಟಿ ಮುಗಿಸಿ, ತಟ್ಟೆಯಿಂದ ತಲೆ ಎತ್ತದೆಯೇ ಶಶಿಕಲಾ ಆ ಮಾತನ್ನು ಹೇಳಿದಳು.

"ಇನ್ನೊಂದ ಹಾಕ್ರಿ."

ಇನ್ನೊಂದ ಹಾಕ್ರಿ! ನನಗೆ ಮನೆ ಸಾಲದಾಯಿತು. ಗಡಿಯಾರ ನೋಡಿದೆ, ಅಲ್ಲಿ ಎಲ್ಲರೂ ಸೇರಿರುವ ಹೊತ್ತು. "ಈಗ ಬಂದೆ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಕೈಯಲ್ಲಿದ್ದ ಹಿಟ್ಟೂ ತೊಳೆದಿರಲಿಲ್ಲ. ನನ್ನ ಅವತಾರ ನೋಡಿಯೇ ಭೋಸಲೆ, "ಫುಗಲೀ ಕಾ?" ಎಂದು ಕೂಗಿದರು. "ಉಬ್ಬಿತು!" ಎಂದು ಕನ್ನಡದಲ್ಲೇ ಕೂಗಿ, ಲೈನ್ ಸಿಗುವ ತನಕ ಕುರ್ಚಿಯ ತುದಿಯಲ್ಲಿ ಕುಳಿತಿದ್ದು, ಅಂಟು ಬೆರಳುಗಳಿಂದ ಕುಟ್ಟಿದೆ: 'ಉಬ್ಬಿತು. ಉಂಡಳು. ಇನ್ನೊಂದು ಹಾಕಿ ಅಂದಳು.' ಪರದೆಯ ತುಂಬ ಜಯಕಾರ. ಮಾಸ್ತರರು 'ಭಲೇ ಭಲೇ' ಎಂದು ಎರಡು ಸಲ ಬರೆದರು, ಅವರ ವೇಗದಲ್ಲಿ ಅದು ಸಣ್ಣ ಶ್ರಮವಲ್ಲ. ನಾನು ಕುರ್ಚಿಗೆ ಒರಗಿ ಎಲ್ಲವನ್ನೂ ಸವಿಯುತ್ತಿದ್ದೆ. ಆಗ ಶಾರದಾಬಾಯಿಯ ಒಂದೇ ಮಾತು ಕೆಳಗೆ ಮೂಡಿತು.

'ಹಾಕಿದಿರಾ?'

ನಾನು ಆ ಓಣಿಗಳಲ್ಲಿ ಹಾಗೆ ಓಡಿದ್ದನ್ನು ಅಲ್ಲಿಯ ನಾಯಿಗಳು ಎಂದೂ ನೋಡಿರಲಿಲ್ಲ. ಮೆಟ್ಟಿಲಲ್ಲೇ ಕರಕಲು ವಾಸನೆ ಬಂತು. ಒಳಗೆ ಒಲೆ ಆರಿಸಿಯಾಗಿತ್ತು. ಎರಡನೆಯ ರೊಟ್ಟಿ ಕಪ್ಪಗೆ ಸುಟ್ಟು ಒಂದು ತಟ್ಟೆಯಲ್ಲಿ ಒಪ್ಪವಾಗಿ ಕುಳಿತಿತ್ತು. ಶಶಿಕಲಾ ಎಂಜಲು ಕೈ ಒಣಗಿಸಿಕೊಂಡು ತನ್ನ ತಟ್ಟೆಯ ಮುಂದೆ ಹಾಗೇ ಇದ್ದಳು. ಪಕ್ಕದಲ್ಲಿ ಪೇಢೆಯ ಡಬ್ಬಿ ತೆರೆದಿತ್ತು.

"ಹೇಳಿ ಬಂದ್ರೇನ್ರಿ ಎಲ್ಲಾರ್ಗೂ?"

ಅವಳಿಗೆ ಎಲ್ಲ ಗೊತ್ತಿತ್ತು. ಭೋಸಲೆಯವರ ಹೆಂಡತಿ ತರಕಾರಿ ಸಂತೆಯಲ್ಲಿ ಅವಳಿಗೆ ವಾರವಾರದ ವರದಿ ಕೊಡುತ್ತಿದ್ದರಂತೆ. "ಹೇಳಿ ಬಂದೆ," ಅಂದೆ.

"ಚಲೋ ಆತು. ಈ ಪೇಢೆ ಯಾತರದ್ದು ಅಂತ ಯಾವಾಗ ಕೇಳಾವ್ರು?"

"ಪ್ರಸಾದ ಅಲ್ಲೇನ?"

"ಪ್ರಸಾದ ಆಗಿದ್ರ ನಿನ್ನಿಯಿಂದ ನಿಮ್ಮ ಮಾರಿ ಯಾಕ ನೋಡ್ಕೋತ ಕುಂದರ್ತಿದ್ನಿ? ಸಾಲ್ಯಾಗ ನನ್ನ ಹೆಡ್‌ಮಾಸ್ತರ್ ಮಾಡ್ಯಾರ್ರಿ. ಅಕ್ಕನ ಮನ್ಯಾಗೂ ಹೇಳಿಲ್ಲ. ಮೊದಲ ನಿಮಗ ಹೇಳಬೇಕಂತ ಬಸ್ನ್ಯಾಗ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಬಂದೀನಿ."

ನನಗೆ ಬಹಳ ನಾಚಿಕೆಯಾಯಿತು. ಊರಿಗೆಲ್ಲ ಕೇಳುವ ಕಿವಿಯಿಲ್ಲ ಎಂದು ದೂರಿಕೊಂಡು, ಮಸ್ಕತ್ತಿನಲ್ಲಿ ಕೊತ್ತಂಬರಿ ಮೊಳೆತದ್ದಕ್ಕೆ ಹಿಗ್ಗಿದವನು ನಾನು. ನನ್ನ ಮನೆಯ ಸುದ್ದಿಯನ್ನು ಕಣ್ಣಿಗೊತ್ತಿಕೊಂಡು ನುಂಗಿ, ಇನ್ನೊಂದನ್ನೂ ನುಂಗಿ, ರೊಟ್ಟಿಯ ಮಾತಾಡಿದ್ದೆ. ಒಲೆ ಹೊತ್ತಿಸಿದೆ, ಮುದ್ದೆ ಕಟ್ಟಿ ಬಡಿದೆ. ಆ ರೊಟ್ಟಿ ಉಬ್ಬಿತೋ ಇಲ್ಲವೋ ನೋಡುವಷ್ಟು ಮನಸ್ಸಿರಲಿಲ್ಲ. ಅದನ್ನು ಅವಳ ತಟ್ಟೆಗೆ ಹಾಕಿ, ಎದುರಿಗೆ ಕುಳಿತು, "ಈಗ ಮೊದಲಿಂದ ಹೇಳು," ಅಂದೆ. ಅವಳು ಶಿಕ್ಷಣ ಖಾತೆಯ ಸಾಹೇಬರು ಕರೆದದ್ದರಿಂದ ಹಿಡಿದು ಪೇಢೆ ಕೊಂಡದ್ದರವರೆಗೆ ಹೇಳಿದಳು. ಹೆಡ್‌ಮಾಸ್ತರ್ ಆದ್ದರಿಂದ ಇನ್ನು ಸದ್ಯಕ್ಕೆ ಸೊಲ್ಲಾಪುರದ ಬದಲಿ ಇಲ್ಲವೆಂದೂ, ನನ್ನ ರೊಟ್ಟಿಯ ನೌಕರಿ ಕಾಯಂ ಆಯಿತೆಂದೂ ಕೊನೆಗೆ ಸೇರಿಸಿದಳು.

ಚಾಟ್ ರೂಮನ್ನು ನಾನು ಬಿಡಲಿಲ್ಲ, ಹೋಗುವ ದಿನ ಬುಧವಾರಕ್ಕೆ ಬದಲಾಯಿತು, ಅಷ್ಟೇ. ಭಾನುವಾರ ಮನೆಯಲ್ಲಿರುತ್ತೇನೆ. ಶನಿವಾರ ಶಶಿಕಲಾ ಡಬ್ಬಿ ಮುಂದಿಟ್ಟರೆ ಮುಟ್ಟುವ ಮುಂಚೆ ಕೈ ಕಟ್ಟಿ ನಿಂತು, "ಏನ್ ಸುದ್ದಿ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮೊದಲ ಸಲ ಹಾಗೆ ಕೇಳಿದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಂದಳು:

"ಏನೂ ಇಲ್ರಿ. ಇದು ಖರೇನ ಪ್ರಸಾದ. ಸುಮ್ಮ ಕಣ್ಣಿಗೆ ಒತ್ಕೊಂಡು ತಿನ್ರಿ."