ಒಂದು ಬಡಿತ ಅಂದರೆ ಹೂಂ

ಗಂಡ ತೀರಿಕೊಂಡ ಮೇಲೆ ನೀಲಗಂಗವ್ವನಿಗೆ ಉಳಿದದ್ದು ಎರಡೇ. ಬ್ಯಾಡಗಿಯ ಮನೆ, ಯಾವ ಗಂಡನ್ನೂ ಒಪ್ಪದ ಮಗಳು. ಮನೆ ಎದುರು ಮಾತಾಡುತ್ತಿರಲಿಲ್ಲ. ಮಗಳು ಪ್ರೇಮವ್ವ ಮಾತಾಡದೆ ಬಿಡುತ್ತಿರಲಿಲ್ಲ.

“ಹುಡುಗಗ ರಾಣೇಬೆನ್ನೂರಾಗ ಹತ್ತಿ ಗಿರಣಿ ಐತಿ, ಮೋಟಾರು ಐತಿ. ಇನ್ನೇನ ಬೇಕ ನಿನಗ?”

“ಹಂಗಾರ ಗಿರಣೀನ ಮದಿವಿ ಆಗ್ತೇನಿ. ಮೋಟಾರು ನೀ ಇಟ್ಕೋ. ಸಿರಿವಂತರ ಮೂಗು ಮ್ಯಾಲ ಇರ್ತೈತಿ ಬೇ, ನಾ ಒಲ್ಲೆ.”

“ಮೂಗಿನ ಜೋಡಿ ಸಂಸಾರ ಮಾಡ್ತಿಯೇನು? ಸುಮ್ನ ಸೀರಿ ಉಟ್ಗೋ.”

ವರ ಕೊಟ್ರಪ್ಪನಿಗೆ ತಾಯಿತಂದೆ ಇಲ್ಲ. ಸಾಕಿದವಳು ಸೋದರತ್ತೆ ಹೊನ್ನವ್ವ. ಅವಳ ಬಂಗಾರ ಮೊಣಕೈತನಕ. (ಮೊಣಕೈ ಮಡಚಬೇಕಲ್ಲ, ಅದಕ್ಕೇ ಅಲ್ಲಿಗೆ ನಿಂತಿತ್ತು.)

ಹೆಣ್ಣು ನೋಡುವಾಗ ವಿಧವೆ ಮುಂದೆ ಬರುವಂತಿಲ್ಲ. ಹಾಗಂತ ನೀಲಗಂಗವ್ವ ಬಾಯಿ ಮುಚ್ಚಿ ಕೂರುವವಳೂ ಅಲ್ಲ. ಅಣ್ಣ ಶೇಖಪ್ಪನ ಜೊತೆ ಮಹಾ ಒಪ್ಪಂದವಾಯಿತು. ಅಡಿಗೆಮನೆಯಿಂದ ಊಟದ ಗಂಗಾಳಕ್ಕೆ ಸೌಟಿನಿಂದ ಒಂದು ಬಡಿತ ಬಿದ್ದರೆ ಹೂಂ. ಎರಡು ಬಿದ್ದರೆ ಒಲ್ಲೆ.

“ಎರಡನೇದು ಲಗೂ ಬಡಿ ತಂಗಿ. ಒಂದ ಕೇಳಿದ್ರ ನಾ ಸಕ್ರಿ ಹಂಚೇಬಿಡ್ತೇನಿ,” ಎಂದ ಶೇಖಪ್ಪ.

ಮೋಟಾರು ಬಾಗಿಲಿಗೆ ಬಂತು. ಗಂಡು ಇನ್ನೂ ಇಳಿದಿರಲಿಲ್ಲ, ನೀಲಗಂಗವ್ವನ ಸೌಟು ಮೇಲೆದ್ದಿತ್ತು.

“ತಡಿ ಬೇ, ಅದು ಡ್ರೈವರು,” ಎಂದಳು ಮಗಳು.

ಪ್ರೇಮವ್ವ ಚಹಾ ಕೊಟ್ಟು ಒಳಗೆ ಬಂದಳು. ಮುಖ ಕೆಂಪಾಗಿತ್ತು. ಒಲೆಯ ಶಾಖ ಇರಬೇಕು ಅಂದುಕೊಂಡಳು ತಾಯಿ. ಅಷ್ಟರಲ್ಲಿ ಪಡಸಾಲೆಯಲ್ಲಿ ಹೊನ್ನವ್ವನ ದನಿ ಕೇಳಿಸಿತು.

“ಹುಡುಗಿ ಪಸಂದ ಅದಾಳ. ಖರೇ ಒಂದ ಮಾತು. ಬರಿಗೈಯಾಕಿ ಮಂಟಪದಾಗ ಕಾಲಿಡಬಾರದು. ಮದಿವಿ ಆದ ಮ್ಯಾಲೂ ನಮ್ಮ ಮನಿ ಕಡೆ ಸುಳೀಬಾರದು.”

ಬರಿಗೈಯವಳು ಬಳೆಯಿಲ್ಲದ ತನ್ನ ಕೈ ನೋಡಿಕೊಂಡಳು. ಅವಳ ಮನಸ್ಸಿನಲ್ಲಿ ಹತ್ತಿ ಗಿರಣಿ ಸುಟ್ಟು ಬೂದಿಯಾಯಿತು. ಮೋಟಾರು ಕೆರೆಗೆ ಬಿತ್ತು. ಮಗಳನ್ನೂ ಕಳೆದುಕೊಳ್ಳುವುದೇ? ಸೌಟು ಎತ್ತಿ ಢಣ್ ಎಂದು ಬಡಿದಳು. ಆ ಸದ್ದಿನಲ್ಲೇ ಕೊಟ್ರಪ್ಪ ಏನೋ ಅಂದ. ಸಿಟ್ಟಿನ ಕಿವಿಗೆ ಅದು ಕೇಳಲಿಲ್ಲ. ಎರಡನೇ ಬಾರಿ ಎತ್ತಿದಳು. ಕೈ ಇಳಿಯಲಿಲ್ಲ. ಪ್ರೇಮವ್ವ ಗಟ್ಟಿಯಾಗಿ ಹಿಡಿದಿದ್ದಳು.

“ಬಿಡಲೇ!”

“ಬಿಡಂಗಿಲ್ಲ! ಅವ ಏನಂದ ಕೇಳಿಲ್ಲೇನು? ಹಡದಾಕಿ ಇಲ್ಲದ ಮಂಟಪಕ್ಕ ನಾನೂ ಬರಂಗಿಲ್ಲ ಅತ್ತಿ ಅಂದ.”

“ನೀನ ಒಲ್ಲೆ ಅಂದಿದ್ದಿ!”

“ನೋಡೂಕಿಂತ ಮೊದಲ ಅಂದಿದ್ದೆ!”

ಈ ಸೌಟಿನ ಯುದ್ಧದಲ್ಲಿ ಒಗ್ಗರಣೆಗೆ ಇಟ್ಟಿದ್ದ ಒಣಮೆಣಸಿನಕಾಯಿ ಬುಟ್ಟಿ ಪೂರಾ ಒಲೆಗೆ ಬಿತ್ತು.

ಘಾಟು ಪಡಸಾಲೆಗೆ ನುಗ್ಗಿತು. ಒಂದೇ ಬಡಿತ ಕೇಳಿ ಸಕ್ಕರೆ ಹಂಚಲು ನಿಂತಿದ್ದ ಶೇಖಪ್ಪ ಸೀನಿ ಸೀನಿ ಊರಿಗೆಲ್ಲ ಹಂಚಿದ. ಎಲ್ಲರೂ ಕಟ್ಟೆಗೆ ಓಡಿದರು. ನೀಲಗಂಗವ್ವ ಶಾಸ್ತ್ರ ಮರೆತು ಮಜ್ಜಿಗೆ ತಂದಳು. ಹೊನ್ನವ್ವ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದಳು. ಕುಡಿದಾದ ಮೇಲೆ ಕೊಟ್ಟ ಕೈ ನೋಡಿದಳು. ಬರಿಗೈ.

“ಇನ್ನೊಂದ ತಂಬಿಗಿ ಕೊಡ್ರಿ, ಬೀಗತಿ,” ಎಂದಳು.

ಕಟ್ಟೆ ತುಂಬ ಅಳುವವರನ್ನು ಕಂಡು ಎದುರುಮನೆಯ ಮೈಲವ್ವ ಎದೆ ಬಡಿದುಕೊಂಡು ಓಡಿಬಂದಳು.

“ಯವ್ವಾ, ಯಾರು ಹೋದ್ರಬೇ!”

“ಯಾರೂ ಹೋಗಿಲ್ಲ. ಮಗಳಿಗೆ ಗಂಡು ಗೊತ್ತಾತು,” ಎಂದು ನೀಲಗಂಗವ್ವ ನಕ್ಕಳು. ನಗುತ್ತ ನಗುತ್ತ ಅತ್ತಳು. ಗಂಡ ಹೋದಾಗಿನಿಂದ ಅವಳು ಅತ್ತಾಗಲೆಲ್ಲ ಯಾರಾದರೂ ಸಮಾಧಾನ ಹೇಳಲು ಬರುತ್ತಿದ್ದರು. ಅಂದು ಯಾರೂ ಬರಲಿಲ್ಲ. ಅವರವರ ಕಣ್ಣು ಒರೆಸಿಕೊಳ್ಳುವುದೇ ಅವರಿಗೆ ಸಾಕಾಗಿತ್ತು.