ಹೆಬ್ಬೆರಳಿನ ಕೈಗುಣ

ವೈದ್ಯರಿಗೆ ಕೈಗುಣ ಇರುತ್ತದೆ, ಅಡುಗೆಯವರಿಗೂ ಇರುತ್ತದೆ. ಅಂಗಡಿಗೂ ಇರುತ್ತದೆ, ಅದು ಆಸ್ತಿಯ ಹಾಗೆ ತಾನಾಗಿಯೇ ಮಗನಿಗೆ ಬರುತ್ತದೆ ಎಂದು ನಂಬಿ ಕೆಟ್ಟವನು ನಾನು. ಬನಹಟ್ಟಿಯ ನಮ್ಮ ಸೀರೆ ಅಂಗಡಿಯಲ್ಲಿ ಅಜ್ಜನ ಕೈಗುಣ ಹೆಬ್ಬೆರಳಿನಲ್ಲಿತ್ತು. ಸೆರಗನ್ನು ಒಮ್ಮೆ ಉಜ್ಜಿದರೆ ಸಾಕು, ನೂಲು ಎಂಥದು, ಯಾರ ಮಗ್ಗದ್ದು ಎಂದು ಹೇಳಿಬಿಡುತ್ತಿದ್ದ. ಅಪ್ಪನ ಕಾಲಕ್ಕೆ ಪವರ್‌ಲೂಮ್ ಬಂದು ಸೀರೆಗಳೆಲ್ಲ ಒಂದೇ ತಾಯಿಯ ಮಕ್ಕಳಂತಾದವು. ಕೈಗುಣ ಚಹಾದ ಕಿಟ್ಲಿಗೆ ಇಳಿಯಿತು. ಅಪ್ಪನ ಕೈಯಿಂದ ಎರಡು ಕಪ್ಪು ಚಹಾ ಕುಡಿದವರು ಬರಿಗೈಲಿ ಏಳಲು ನಾಚುತ್ತಿದ್ದರು. ಎರಡೂ ನನಗೆ ಬಂದಿವೆಯೆಂದು ನಾನು ಗಾದಿಯ ಮೇಲೆ ಕಾಲು ಮಡಚಿ ಕೂತಿದ್ದೆ. ವ್ಯಾಪಾರಿಗಳಿಗೆ ತರಬೇತಿ ಕೊಡಲು ಬಂದ ಸಾಹೇಬರೊಬ್ಬರು, ನಿಮ್ಮ ಅಂಗಡಿಯ ಸಾಮರ್ಥ್ಯ ಏನೆಂದು ಬರೆದುಕೊಡಿ ಎಂದರು. ನಾನು ಹೆಮ್ಮೆಯಿಂದ ಹೆಬ್ಬೆರಳೆತ್ತಿ ತೋರಿಸಿದೆ. ಬರೆಯಲು ಬಾರದವನೆಂದು ತಿಳಿದು ಅವರು ಇಂಕ್ ಪ್ಯಾಡ್ ತರಿಸಿದರು.

ಮರುವಾರವೇ ಸಾವಳಗಿಯ ಶಾಂತಕ್ಕನ ಫೋನ್ ಬಂತು. ಅಜ್ಜನ ಕಾಲದಿಂದ ಅವರ ಮನೆಯ ಮದುವೆ ಜವಳಿಯೆಲ್ಲ ನಮ್ಮಲ್ಲೇ. "ತಮ್ಮಾ, ಮಗಳ ಲಗ್ನ ಐತಿ. ಮೊಣಕಾಲ ಬ್ಯಾನಿ, ಬರಾಕ ಆಗೂದಿಲ್ಲ. ವಿಡಿಯೋದಾಗ ತೋರಸು. ಮನಸ್ಸಿಗೆ ಬರಲಿಲ್ಲಂದ್ರ ಜಮಖಂಡಿಯೊಳಗ ತೊಗೋತೀನಿ."

ಮೂರು ತಲೆಮಾರಿನ ಗಿರಾಕಿ ನನ್ನ ಕಾಲಕ್ಕೆ ಕೈತಪ್ಪುವುದೆಂದರೇನು! ಗೋಡೆಗೆ ಆನಿಸಿಟ್ಟ ಫೋನಿನ ಮುಂದೆ ಸೆರಗು ಹಿಡಿದು, ಅಜ್ಜನನ್ನು ನೆನೆದು, ಉಜ್ಜಿಯೇ ಉಜ್ಜಿದೆ. "ಎಷ್ಟು ಮೆತ್ತಗೈತಿ ನೋಡ್ರಿ ಅಕ್ಕಾರ!"

"ನಿನ್ನ ಹೆಬ್ಬಟ್ಟ ಬಿಟ್ಟು ಏನೂ ಕಾಣವಲ್ದು. ಇನ್ನ ಚಹಾನೂ ಫೋನಿನ್ಯಾಗ ಕುಡಸ್ತಿ ಏನು?"

ಅಷ್ಟರಲ್ಲಿ ಬುತ್ತಿ ತಂದಿದ್ದ ನನ್ನ ಹೆಂಡತಿ ಗಿರಿಜಾ, "ಸರೀರಿ ಒಂಚೂರು" ಎಂದು ಫೋನನ್ನು ನನ್ನ ಕೈಗೆ ತುರುಕಿ, ಆ ಸೀರೆಯ ಸೆರಗನ್ನು ತನ್ನ ಹೆಗಲಿಗೇರಿಸಿ ಬಾಗಿಲ ಬಿಸಿಲಿಗೆ ನಿಂತಳು. ಒಂದು ಸುತ್ತು ತಿರುಗಿದಳು. "ಅರಿಷಿಣ ಹಚ್ಚಿದ ಮೈಗೆ ಈ ಬಣ್ಣ ಛಲೋ ಒಪ್ಪತೈತಿ ನೋಡ್ರಿ ಅಕ್ಕಾರ" ಎಂದಳು. ಹದಿನೆಂಟು ಸೀರೆ ಹೋದವು. ಸುಳ್ಳೇಕೆ ಹೇಳಲಿ, ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಕೊನೆಗೆ ಶಾಂತಕ್ಕ ಕೇಳಿದರು: "ಈಗ ಫೋನ್ ಹಿಡದಾಂವ ಯಾರವಾ? ಒಂಚೂರೂ ಅಳ್ಳಾಡಸಲಿಲ್ಲ. ಕೈಗುಣ ಐತಿ ಅವಂಗ."

"ನಮ್ಮ ಮನಿಯವರ್ರಿ" ಎಂದಳು ಗಿರಿಜಾ.

ಅಂದಿನಿಂದ ಗಾದಿಯ ಮೇಲೆ ಅವಳು ಕೂರುತ್ತಾಳೆ. ನಾನು ಎದುರಿಗೆ ಫೋನ್ ಹಿಡಿದು ನಿಲ್ಲುತ್ತೇನೆ, ಹೆಬ್ಬೆರಳು ಅಡ್ಡ ಬರದಂತೆ ಮಡಚಿಕೊಂಡು.