ಮಡಿ ಕಾರಿನ ಕೆಂಪು ದೀಪ

ನಮ್ಮ ಸೋದರಮಾವನ ಕಾರಿಗೆ ಮಡಿ-ಮೈಲಿಗೆ ತಿಳಿಯುತ್ತಿತ್ತು. ನಗಬೇಡಿ! ನಗುವುದನ್ನೆಲ್ಲ ಆದೋನಿಯ ಜನ ಆಗಲೇ ನಕ್ಕು ಮುಗಿಸಿದ್ದಾರೆ. ಆ ನಗುವಿನ ನಡುವೆ, ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ, ತಲೆ ತಗ್ಗಿಸಿ ಓಡಾಡಿದವಳು ನಾನು. ಈಗಲೂ ಊರಿನ ಹಳಬರು ಯಾರಾದರೂ ಸಿಕ್ಕು, "ನೀವು ಆ ಮಣೆ ಕಾರಿನವರ ಮನಿ ಹುಡುಗಿ ಅಲ್ಲೇನ್ರಿ?" ಎಂದರೆ ನನ್ನ ಕಿವಿ ಬಿಸಿಯಾಗುತ್ತದೆ.

ಮಾಮ ಹತ್ತಿ ಜಿನ್ನಿನಲ್ಲಿ ಗುಮಾಸ್ತರು. ಮದುವೆ ಮಾಡಿಕೊಳ್ಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಕರೆತಂದು ಸಾಕಿದವರು. ಜುಟ್ಟು, ಕಚ್ಚೆಪಂಚೆ, ಹಣೆಯ ಮೇಲೆ ಅಂಗಾರ-ಅಕ್ಷತೆ. ಇಂಥವರಿಗೆ ಸೈಕಲ್ಲೇ ಹೆಚ್ಚಲ್ಲವೇ? ಆದರೆ ಜಿನ್ನಿನ ಸಾಹುಕಾರರ ಮಗ ಪರದೇಶದಿಂದ ತರಿಸಿದ್ದ ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ ಸ್ಪೋರ್ಟ್ಸ್ ಕಾರು ನಮ್ಮ ರಸ್ತೆಗಳಲ್ಲಿ ಹೊಟ್ಟೆ ತಿಕ್ಕಿಸಿಕೊಂಡು ಹಳತಾಯಿತು. "ಇದನ್ನ ಯಾರರ ಒಯ್ರಿ ಅತ್ಲಾಗ!" ಎಂದು ಆತ ಬೇಸತ್ತು ಅಂದ. ಮಾಮ ನಿಜವಾಗಿಯೂ ಒಯ್ದರು!

ಏಕಾದಶಿ ಬಂತೆಂದರೆ ಆ ಕಾರಿನಲ್ಲಿ ಮಾಧವರಂಗೆ ಹೋಗಿ, ಪೂಜೆಗೆಂದು ತುಂಗಭದ್ರೆಯ ನೀರನ್ನು ತಾಮ್ರದ ಕೊಡದಲ್ಲಿ ತುಂಬಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಹೋಗುವಾಗ ಏನೂ ಇಲ್ಲ. ಬರುವಾಗ ಮಾತ್ರ ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ! ಮನೆ ಮುಟ್ಟಿ ಕೊಡ ಇಳಿಸುವ ತನಕ ಆರುತ್ತಿರಲಿಲ್ಲ. ಮೆಕ್ಯಾನಿಕ್ ಹತ್ತಿರ ಒಯ್ದರೆ ಖಾಲಿ ಕಾರಿನಲ್ಲಿ ದೀಪವೇ ಇಲ್ಲ.

"ಗಾಡಿ ಬಿಲ್ಕುಲ್ ಠೀಕ್ ಐತಿ ಸ್ವಾಮೀ. ಒಮ್ಮಿ ಕಣ್ಣು ತೋರಿಸ್ಕೊಳ್ರಿ," ಎಂದ ಆತ.

ಮಾಮ ಬಿಡುವವರೇ? "ಗಾಡಿಗೆ ಆದೋನಿ ದಿಕ್ಕು ಆಗಿಬರಂಗಿಲ್ಲ" ಎಂದು ತೀರ್ಮಾನಿಸಿ, ಮುಂದಿನ ಏಕಾದಶಿಗೆ ಊರಬಾಗಿಲಿನಿಂದ ಮನೆಯ ತನಕ ಕಾರನ್ನು ಹಿಂದುಹಿಂದಾಗಿ ಓಡಿಸಿದರು. ಒಂದು ತರಕಾರಿ ಬಂಡಿ ಉರುಳಿತು, ದೀಪ ಆರಲಿಲ್ಲ. ಬೀದಿ ತುಂಬ ಬದನೆಕಾಯಿ ಆರಿಸಿದ್ದು ನಾನು!

ಒಂದು ಸಂಜೆ ನಾನು ಕಾಲೇಜಿನಿಂದ ಬಂದೆ. ಕೊಡ ಬಿಟ್ಟು ಬೇರೆಯದಕ್ಕೂ ಹತ್ತುತ್ತದೇನೋ ನೋಡೋಣವೆಂದು ಮಾಮ ನನ್ನನ್ನು ಸೀಟಿನಲ್ಲಿ ಕೂರಿಸಿದರು. ದೀಪ ಹತ್ತಿತು. "ಇಳಿ" ಎಂದರು, ಆರಿತು. "ಹತ್ತು" ಎಂದರು, ಮತ್ತೆ ಕೆಂಪು. ಮಾಮನ ಕಣ್ಣು ದೊಡ್ಡದಾಯಿತು.

"ಖರೇ ಹೇಳು. ಹೋಟೆಲಿನಾಗ ಏನರ ತಿಂದು ಬಂದೀಯೇನು?"

ನಾನು ಬೆವತೆ. ಗೆಳತಿಯರ ಜೊತೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು ಬಂದದ್ದು ಈ ಹಾಳು ಕಾರಿಗೆ ಹೇಗೆ ಗೊತ್ತಾಯಿತು? ಗಾಡಿಗೆ ಮೈಲಿಗೆ ತಿಳಿಯುತ್ತದೆಂದು ನನ್ನ ಮುಖ ನೋಡಿಯೇ ಮಾಮನಿಗೆ ಖಾತ್ರಿಯಾಯಿತು. ಆದರೆ ಕೊಡ ಹೋಟೆಲಿಗೆ ಹೋಗಿರಲಿಲ್ಲವಲ್ಲ? ಸೀಟು ಚರ್ಮದ್ದು, ಕೊಡಕ್ಕೂ ಚರ್ಮ ತಾಗಿ ಮೈಲಿಗೆಯಾಗುತ್ತದೆ, ಅದಕ್ಕೇ ಗಾಡಿ ಸಿಟ್ಟಾಗುತ್ತದೆ! ಒಳಗೆ ಹೋಗಿ ಊಟದ ಮಣೆ ತಂದು ಸೀಟಿನ ಮೇಲಿಟ್ಟು, ನನ್ನನ್ನು ಅದರ ಮೇಲೆ ಕೂರಿಸಿದರು. ದೀಪ ಹತ್ತಲಿಲ್ಲ. "ನೋಡಿದ್ಯಾ ಅಕ್ಕಾ, ಗಾಡಿ ಮಡಿ ಹಿಡೀತದ!" ಎಂದು ಅಮ್ಮನನ್ನು ಕೂಗಿದರು.

ಅಂದಿನಿಂದ ನಾನು ಕಾಲೇಜಿಗೆ ಹೋಗಿದ್ದು ಸ್ಪೋರ್ಟ್ಸ್ ಕಾರಿನಲ್ಲಿ, ಮಣೆಯ ಮೇಲೆ! ತಲೆ ಮುಂದಿನ ಗಾಜಿಗಿಂತ ಮೇಲೆ, ಉತ್ಸವಮೂರ್ತಿಯ ಹಾಗೆ. ಗೇಟಿನಲ್ಲಿ ನಿಂತ ಹುಡುಗಿಯರು "ಏಮೇ, ನೀಕು ಊರೇಗಿಂಪಾ?" ಎಂದು, ಏನೇ ನಿನಗೆ ಮೆರವಣಿಗೆಯೇ ಅಂತ ತೆಲುಗಿನಲ್ಲಿ ಕೇಳಿ ಕೈಮುಗಿಯುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಇಷ್ಟಾದರೆ ಹೇಗೋ ಸಹಿಸಬಹುದಿತ್ತು. ನನಗೆ ಮಾಧವರಂನಿಂದ ಒಂದು ಸಂಬಂಧ ಬಂತು. ಹುಡುಗ ಮೇಷ್ಟ್ರು, ಮೊದಲೊಮ್ಮೆ ಮನೆಗೆ ಬಂದಾಗ ನಾನು ಕಿಟಕಿಯಿಂದ ನೋಡಿ ಮನಸ್ಸಿನಲ್ಲೇ ಒಪ್ಪಿಯೂ ಆಗಿತ್ತು. ಕೊನೆಯ ಮಾತು ಹೇಳಬೇಕಾದವರು ಹುಡುಗನ ತಂದೆ, ಆಚಾರ್ಯರು. ಮಡಿಯೆಂದರೆ ಬೆಂಕಿ! ಅವರೊಬ್ಬರೇ ಬಂದರು, ಊಟ ಮಾಡಿದರು. "ಮನ್ಯಾಗ ವಿಚಾರಿಸಿ ತಿಳಿಸ್ತೀನಿ" ಎಂದು ಹೊರಟರು. ಬಸ್ ಸ್ಟ್ಯಾಂಡಿಗೆ ಬಿಡಲು ಮಾಮ ಸಿದ್ಧ.

"ನಿಮಗ್ಯಾಕ್ರಿ ಮಣಿ, ನೀವು ಸಾಕ್ಷಾತ್ ಮಡಿ," ಎಂದು ಮಾಮ ಮಣೆ ತೆಗೆದಿಟ್ಟರು. ಆಚಾರ್ಯರು ಕೂತರು. ಕೆಂಪು ದೀಪ!

ಅಲ್ಲಿಗಾದರೂ ಸುಮ್ಮನಿರಬಾರದೇ? "ಆಚಾರ್ರೇ, ತಪ್ಪು ತಿಳೀಬ್ಯಾಡ್ರಿ. ಮುಂಜಾನಿ ಸ್ನಾನ ಆಗೇದಲ್ರಿ?"

ಎದುರುಮನೆಯಾಕೆ ಬೀದಿಗೆಲ್ಲ ಕೇಳುವಂತೆ, "ಅಯ್ಯ, ಆಚಾರ್ರಿಗೂ ಲೈಟ್ ಹತ್ತೈತಲ್ಲಬೇ!" ಎಂದಳು. ಜನ ಸೇರಿದರು. ಆಚಾರ್ಯರು ಹಟಕ್ಕೆ ಬಿದ್ದು ಇಳಿದು, ನಮ್ಮ ಬಾವಿಯ ನೀರು ತಲೆಗೆ ಸುರಿದುಕೊಂಡು, ಒದ್ದೆಪಂಚೆಯಲ್ಲೇ ಬಂದು ಕೂತರು. ದೀಪ ಮತ್ತೆ ಹತ್ತಿತು! ಅಮ್ಮ ಬಾಗಿಲ ಹಿಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಮದುವೆ ಅಲ್ಲೇ ಬೀದಿಯಲ್ಲಿ ಮುರಿದುಬೀಳುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ.

ಆಚಾರ್ಯರು ಸಿಟ್ಟಿನಿಂದ ಏಳಹೋದರು. ಶಲ್ಯ ಎಲ್ಲೋ ಸಿಕ್ಕಿಕೊಂಡಿತು. ಎಳೆದರೆ ಶಲ್ಯದ ಜೊತೆ ಸೀಟಿನ ಸಂದಿಯಿಂದ ಒಂದು ಕರಿಪಟ್ಟಿ ಬಂತು, ತುದಿಗೆ ಕಬ್ಬಿಣದ ನಾಲಿಗೆ. "ಏನ್ರೀ ಇದು ದರಿದ್ರ!" ಎಂದು ಅದನ್ನು ಸೊಂಟದ ಪಕ್ಕಕ್ಕೆ ತುರುಕಿದರು. ಟಕ್ ಎಂದಿತು. ಪಟ್ಟಿ ಎಡಭುಜದಿಂದ ಬಲಸೊಂಟಕ್ಕೆ ಓರೆಯಾಗಿ ಕೂತಿತು. ದೀಪ ಆರಿತು!

"ಜನಿವಾರ ಕೇಳಿತ್ರೀ ಗಾಡಿ!" ಮಾಮ ಕೈ ಮುಗಿದುಬಿಟ್ಟರು.

ಬೀದಿಯೆಲ್ಲ ನಕ್ಕಿತು. ಆಚಾರ್ಯರು ನಗಲಿಲ್ಲ. "ಹೊಡೀರಿ ಗಾಡಿ," ಎಂದರು, ಅಷ್ಟೇ. ನಾನು ಅಡಿಗೆಮನೆ ಸೇರಿ, ಇನ್ನು ಯಾರ ಮುಖ ನೋಡಲಿ ಎಂದು ಅಳುತ್ತ ಕೂತೆ.

ಮಾಮ ಮರಳಿ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂದು, ಜೋರಾಗಿ ಬ್ರೇಕ್ ಒತ್ತಬೇಕಾಯಿತಂತೆ. ಮಾಮನ ಹಣೆ ಸ್ಟೇರಿಂಗಿಗೆ ಬಡಿದು ಊದಿತ್ತು. ಪಟ್ಟಿ ಕಟ್ಟಿದ್ದ ಆಚಾರ್ಯರು ಮಾತ್ರ ಕೂತಲ್ಲೇ ಕೂತಿದ್ದರಂತೆ. ಎದೆಯ ಮೇಲಿನ ಪಟ್ಟಿಯನ್ನೂ ಆರಿದ ದೀಪವನ್ನೂ ನೋಡಿ ಹೊಟ್ಟೆ ಹಿಡಿದು ನಕ್ಕರಂತೆ.

"ಇದು ಮಡಿ ದೀಪ ಅಲ್ಲೋ ಮಾರಾಯಾ! ಬಾಜೂಕ ಕುಂತವರನ್ನ ಕಟ್ಟೋದು ಮರ್ತೀ ಅಂತ ನಿನಗ ಹೇಳೋ ದೀಪ. ಹುಡುಗೀನ ನಮ್ಮ ಮನಿಗೆ ಕೊಡು."

ಸೀಟಿನ ಹೊಟ್ಟೆಯೊಳಗೆ ಒಂದು ಸ್ವಿಚ್ಚಿತ್ತು. ಭಾರ ಬಿದ್ದರೆ ದೀಪ, ಪಟ್ಟಿ ಕಟ್ಟಿದರೆ ಇಲ್ಲ. ಮಣೆ ಸೀಟಿನ ಎತ್ತರದ ಅಂಚುಗಳ ಮೇಲೆ ಕೂರುತ್ತಿದ್ದುದರಿಂದ ಸ್ವಿಚ್ಚಿಗೆ ಭಾರವೇ ತಾಗುತ್ತಿರಲಿಲ್ಲ. ಇಷ್ಟಕ್ಕೆ ನನ್ನ ಮಾನ ಹರಾಜಾಗಿತ್ತು!

ಮದುವೆಯಾಯಿತು. ಗಂಡನ ಮನೆಗೆ ಸೋದರಮಾವನೇ ಬಿಟ್ಟುಬರಬೇಕೆಂದು ಮಾಮ ಹಟ ಹಿಡಿದು ಅದೇ ಕಾರಿನಲ್ಲಿ ಕೂರಿಸಿದರು, ಪಟ್ಟಿಯನ್ನು ತಾವೇ ಕಟ್ಟಿದರು. ಮಾಧವರಂ ಬಂತು. ನನ್ನನ್ನು ಇಳಿಸಿದವರು ಹೊಳೆಗೆ ಹೋಗಿ, ಕೊಡ ತುಂಬಿ ತಂದು, ನನ್ನ ಜಾಗದಲ್ಲಿಟ್ಟರು. ಕೆಂಪು ದೀಪ ಹತ್ತಿತು.

"ಮಾಮಾ, ಇವತ್ತು ಏಕಾದಶಿ ಅಲ್ಲಲ್ಲ? ಇರ್ಲಿ, ಕೊಡಕ್ಕ ಪಟ್ಟಿ ಕಟ್ರಿ, ದೀಪ ಆರ್ತದ," ಎಂದೆ.

"ಉರೀಲಿ ಬಿಡವಾ," ಎಂದರು ಮಾಮ, ನನ್ನ ಕಡೆ ನೋಡದೆ. "ಆದೋನಿ ತನಕ ಬಾಜೂಕ ಯಾರೋ ಕುಂತಂಗ ಇರ್ತದ."

ಕಾರು ಮರೆಯಾಗುವ ತನಕ ನಾನು ಬೀದಿಯಲ್ಲೇ ನಿಂತು, ಊರೆಲ್ಲ ನೋಡುತ್ತಿದ್ದರೂ, ನಾಚಿಕೆ ಬಿಟ್ಟು ಅತ್ತುಬಿಟ್ಟೆ.